ಸತ್ತ ಹಲ್ಲು, ಸಾಯದ ಸುಳ್ಳು

ಹಲ್ಲುನೋವು ಅಂತ ಡಾಕ್ಟರ ಹತ್ತಿರ ಹೋದವರು ನಮ್ಮಲ್ಲಿ ಮೊದಲು ಹೇಳೋ ಮಾತು ಯಾವುದು ಗೊತ್ತಾ? 'ಡಾಕ್ಟ್ರೇ, ಇದನ್ನ ಕಿತ್ತು ಬಿಸಾಕಿ, ಸಾಕಾಗಿದೆ.' ಕೈ ನೋವು ಬಂದರೆ ಕೈ ಕತ್ತರಿಸಿ ಅನ್ನೋದಿಲ್ಲ. ಕಣ್ಣು ಕೆಂಪಾದರೆ ಕಣ್ಣು ತೆಗೆದುಬಿಡಿ ಅನ್ನೋದಿಲ್ಲ. ಹಲ್ಲಿಗೆ ಮಾತ್ರ ನೇರವಾಗಿ ಮರಣದಂಡನೆ. ವಿಚಾರಣೆ ಇಲ್ಲ, ಮೇಲ್ಮನವಿ ಇಲ್ಲ, ಕ್ಷಮಾದಾನದ ಅರ್ಜಿಯೂ ಇಲ್ಲ.

ಇದು ನಮ್ಮೂರಿನ ಜನರ ತಪ್ಪು ಅಂದುಕೊಳ್ಳಬೇಡಿ. ಇಂಗ್ಲೆಂಡ್, ಅಮೆರಿಕದ ದೊಡ್ಡ ದೊಡ್ಡ ಪ್ರೊಫೆಸರುಗಳೇ ಒಂದು ಕಾಲದಲ್ಲಿ ಇದೇ ತೀರ್ಪು ಕೊಟ್ಟಿದ್ದರು. ಲೆಕ್ಕವಿಲ್ಲದಷ್ಟು ಜನ ಗಟ್ಟಿಯಾಗಿದ್ದ ಹಲ್ಲುಗಳನ್ನೂ ಕೀಳಿಸಿಕೊಂಡು ಬೊಚ್ಚುಬಾಯಿಯಾದರು. ಹುಚ್ಚಾಸ್ಪತ್ರೆಯಲ್ಲಿದ್ದ ಬಡಪಾಯಿಗಳ ಬಾಯಿಯನ್ನು ಅವರ ಒಪ್ಪಿಗೆಯನ್ನೂ ಕೇಳದೆ ಖಾಲಿ ಮಾಡಲಾಯಿತು. ಆ ಕಥೆಯನ್ನೇ ಇವತ್ತು ಹೇಳಬೇಕು ಅಂತಿದ್ದೀನಿ. ನಾನು ದಂತವೈದ್ಯನಲ್ಲ, ಸುದ್ದಿಯವನು. ಸುದ್ದಿಯವನಿಗೆ ಇದರಲ್ಲಿ ಏನು ಕೆಲಸ ಅಂತೀರಾ? ಇದೆ, ಕೇಳಿ.

ಮೊದಲು ಹಲ್ಲಿನ ಒಳಗೆ ಇಣುಕಿ ನೋಡೋಣ. ಹಲ್ಲು ಅಂದರೆ ಬಾಯಲ್ಲಿ ನೆಟ್ಟ ಕಲ್ಲಲ್ಲ. ಹೊರಗೆ ಎನಾಮೆಲ್ ಅನ್ನುವ ಬಿಳಿ ಕವಚ. ಇಡೀ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಅದರ ಕೆಳಗೆ ಹಳದಿ ಛಾಯೆಯ ಡೆಂಟಿನ್. ಅದರ ನಟ್ಟನಡುವೆ ಒಂದು ಪುಟ್ಟ ಕೋಣೆ, ಆ ಕೋಣೆಯೊಳಗೆ ಮೆತ್ತಗಿನ ತಿರುಳು. ವೈದ್ಯರು ಪಲ್ಪ್ ಅಂತಾರೆ, ನಮ್ಮ ಜನ 'ನರ' ಅಂತಾರೆ. ಅದರಲ್ಲಿ ನರವೂ ಇದೆ, ರಕ್ತನಾಳವೂ ಇದೆ, ಡೆಂಟಿನ್ ಕಟ್ಟುವ ಗಾರೆ ಕೆಲಸದ ಜೀವಕೋಶಗಳೂ ಇವೆ. ಬೇರಿನ ತುದಿಯಲ್ಲಿರುವ ಸೂಜಿಮೊನೆಯಷ್ಟು ಕಿಂಡಿಯಿಂದಲೇ ಅದಕ್ಕೆ ರಕ್ತ ಬರಬೇಕು, ಹೋಗಬೇಕು.

ಸಮಸ್ಯೆ ಇರೋದೇ ಅಲ್ಲಿ. ಕಾಲು ಉಳುಕಿದರೆ ಊದಿಕೊಳ್ಳುತ್ತೆ, ಚರ್ಮ ಹಿಗ್ಗಿ ಜಾಗ ಕೊಡುತ್ತೆ. ತಿರುಳು ಊದಿಕೊಂಡರೆ ಎಲ್ಲಿಗೆ ಹೋಗಬೇಕು? ಸುತ್ತಲೂ ಗೋಡೆ. ಒತ್ತಡ ಏರುತ್ತೆ, ನರ ಚೀರುತ್ತೆ. ಹಗಲೆಲ್ಲ ಹೇಗೋ ತಡೆದುಕೊಂಡ ಹಲ್ಲುನೋವು ರಾತ್ರಿ ದಿಂಬಿಗೆ ತಲೆ ಕೊಟ್ಟ ಕೂಡಲೇ ಕುಣಿಯೋದಕ್ಕೆ ಶುರುಮಾಡುತ್ತಲ್ಲ, ಅದಕ್ಕೂ ಇದೇ ಕಾರಣ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚು, ಕೋಣೆ ಮಾತ್ರ ಅಷ್ಟೇ ಚಿಕ್ಕದು.

ಆದರೆ ಇದೇ ತಿರುಳು ಇನ್ನೊಂದು ಕೆಲಸವನ್ನೂ ಮಾಡುತ್ತೆ. ಹುಳುಕು ಹತ್ತಿರ ಬರುತ್ತಿದೆ ಅಂತ ಗೊತ್ತಾದರೆ ಒಳಗಿನಿಂದ ಹೊಸ ಡೆಂಟಿನ್ ಕಟ್ಟಿ ಗೋಡೆ ದಪ್ಪ ಮಾಡಿಕೊಳ್ಳುತ್ತೆ. ಶತ್ರು ಬರುವ ಮೊದಲು ಕೋಟೆ ಬಾಗಿಲಿಗೆ ಮಣ್ಣು ತುಂಬಿದ ಹಾಗೆ. ತನ್ನನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕಿದೆ ಅನ್ನೋದನ್ನು ಒಪ್ಪಿಕೊಳ್ಳೋದಕ್ಕೆ ವೈದ್ಯಲೋಕಕ್ಕೆ ಇನ್ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಹುಳುಕು ಅಂದೆನಲ್ಲ, ಆ ಪದದಲ್ಲೇ ಇತಿಹಾಸ ಅಡಗಿದೆ. ಹುಳುಕು ಹಲ್ಲು ಅಂದರೆ ಹುಳ ತಿಂದ ಹಲ್ಲು. ಪ್ರಪಂಚದ ಬಹುಪಾಲು ನಾಗರಿಕತೆಗಳು ಸಾವಿರಾರು ವರ್ಷ ನಂಬಿದ್ದೂ ಇದನ್ನೇ. ಬ್ರಿಟಿಷ್ ಮ್ಯೂಸಿಯಂನಲ್ಲಿ ಬ್ಯಾಬಿಲೋನಿನ ಒಂದು ಮಣ್ಣಿನ ಫಲಕ ಇದೆ. ಅದರಲ್ಲೊಂದು ಮಂತ್ರದ ಕಥೆ. ಹುಳವೊಂದು ದೇವರ ಮುಂದೆ ಹೋಗಿ ಅಳುತ್ತೆ, ನನ್ನ ಊಟಕ್ಕೆ ಏನು ಗತಿ ಅನ್ನುತ್ತೆ. ಹಣ್ಣು ಕೊಡ್ತೀನಿ ಅಂದರೆ ಬೇಡ ಅನ್ನುತ್ತೆ, ಮನುಷ್ಯನ ಹಲ್ಲಿನಲ್ಲೇ ಜಾಗ ಬೇಕು ಅಂತ ಹಟ ಹಿಡಿಯುತ್ತೆ. ನಮ್ಮ ಸುಶ್ರುತ ಸಂಹಿತೆಯ ದಂತರೋಗಗಳ ಪಟ್ಟಿಯಲ್ಲೂ ಕೃಮಿದಂತಕ ಇದೆ. ಹಳ್ಳಿಗಳಲ್ಲಿ ಗುಳ್ಳದ ಬೀಜವನ್ನು ಕೆಂಡಕ್ಕೆ ಹಾಕಿ, ಹೊಗೆಯನ್ನು ಬಾಯಿಗೆ ಹಿಡಿಸಿ, 'ನೋಡಿ ಹುಳ ಬಿತ್ತು' ಅಂತ ತೋರಿಸುತ್ತಿದ್ದದ್ದನ್ನು ಹಿರಿಯರು ಕಂಡಿರುತ್ತಾರೆ. ರೋಮನ್ನರ ಕಾಲದಲ್ಲೇ ಯುರೋಪಿನಲ್ಲೂ ಹೀಗೆ ಬೇರೊಂದು ಗಿಡದ ಬೀಜದ ಹೊಗೆ ಹಿಡಿಸುತ್ತಿದ್ದರು. ಬಿಸಿಗೆ ಬೀಜ ಸಿಡಿದು ಒಳಗಿನ ಬಿಳಿ ಮೊಳಕೆ ಹೊರಬರುತ್ತೆ, ನೋಡೋದಕ್ಕೆ ಥೇಟ್ ಹುಳದ ಹಾಗೇ. ಸಾವಿರ ವರ್ಷ ಓಡಿದ ಮ್ಯಾಜಿಕ್ ಷೋ ಅದು.

ಈ ಹುಳಕ್ಕೆ ಮೊದಲ ಪೆಟ್ಟು ಕೊಟ್ಟವರು ಪ್ಯಾರಿಸ್ಸಿನ ಪಿಯೇರ್ ಫೋಷಾರ್. ಆಧುನಿಕ ದಂತವೈದ್ಯದ ಪಿತಾಮಹ ಅಂತ ಇವರನ್ನು ಕರೆಯುತ್ತಾರೆ. 1728ರಲ್ಲಿ ಎರಡು ಸಂಪುಟಗಳ ಗ್ರಂಥ ಬರೆದು, ಸೂಕ್ಷ್ಮದರ್ಶಕ ಹಿಡಿದು ಹುಡುಕಿದರೂ ನನಗೆ ಹುಳ ಸಿಗಲಿಲ್ಲ ಅಂದರು. ಕೀವು ತುಂಬಿದ ಹಲ್ಲನ್ನು ತೂತು ಮಾಡಿ ಕೀವು ಹರಿದುಹೋಗಲು ಬಿಡಿ, ಲವಂಗದ ಎಣ್ಣೆ ಹಚ್ಚಿ ಅಂತಲೂ ಹೇಳಿದರು.

ಇನ್ನೂ ಕುತೂಹಲದ ಮನುಷ್ಯ ಅವರ ನಂತರ ಬಂದ ಫಿಲಿಪ್ ಫಾಫ್. ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್‌ನ ದಂತವೈದ್ಯ. 1756ರಲ್ಲಿ ಈತ ಬರೆದ ಪುಸ್ತಕದಲ್ಲಿ ಒಂದು ಸಣ್ಣ ಉಪಾಯ ಇದೆ. ಹಲ್ಲು ತೂತಾಗಿ ಒಳಗಿನ ನರ ಕಾಣಿಸುತ್ತಿದ್ದರೆ, ಚಿನ್ನದ ತೆಳು ತಗಡಿನ ಚೂರನ್ನು ಆ ಜಾಗಕ್ಕೆ ಸರಿಯಾಗಿ ಕತ್ತರಿಸಿ, ಸ್ವಲ್ಪ ಬಾಗಿಸಿ, ನರವನ್ನು ಮುಟ್ಟದ ಹಾಗೆ ಅದರ ಮೇಲೆ ಕೊಡೆಯಂತೆ ಮುಚ್ಚಬೇಕು. ಆಮೇಲೆ ಮೇಲಿನಿಂದ ತುಂಬಬೇಕು. ಅಂದರೆ ನರವನ್ನು ಸುಡಬೇಡಿ, ಕೀಳಬೇಡಿ, ಕಾಪಾಡಿ ಅಂತ. 1756! ಪ್ಲಾಸಿ ಕದನ ಇನ್ನೂ ನಡೆದಿರಲಿಲ್ಲ. ಇವತ್ತು ದಂತವೈದ್ಯರು ಪಲ್ಪ್ ಕ್ಯಾಪಿಂಗ್ ಅಂತ ಯಾವುದಕ್ಕೆ ಹೇಳ್ತಾರೋ ಅದರ ಮೊದಲ ದಾಖಲೆ ಇದು. ಆದರೆ ಆಗ ರೋಗಾಣು ಅಂದರೆ ಏನಂತ ಯಾರಿಗೂ ಗೊತ್ತಿರಲಿಲ್ಲ. ಕೈ ತೊಳೆಯುವ ರೂಢಿ ಇಲ್ಲ, ಉಪಕರಣ ಕುದಿಸುವ ರೂಢಿ ಇಲ್ಲ. ಚಿನ್ನದ ಕೊಡೆಯ ಕೆಳಗೆ ಕೊಳಕು ಹಾಗೇ ಉಳಿಯುತ್ತಿತ್ತು. ಉಪಾಯ ಸರಿಯಿತ್ತು, ಶತ್ರು ಯಾರು ಅನ್ನೋದೇ ತಿಳಿದಿರಲಿಲ್ಲ.

ಹೀಗಾಗಿ ಮುಂದಿನ ಶತಮಾನದವರು ಸುಲಭದ ದಾರಿ ಹಿಡಿದರು. ನರ ನೋಯುತ್ತಿದೆಯಾ? ಕೊಂದುಬಿಡಿ. ಕಾಯಿಸಿದ ತಂತಿ ತೂರಿಸಿ ಸುಡುವುದು ಹಳೆಯ ಪದ್ಧತಿ. 1836ರಲ್ಲಿ ಸ್ಪೂನರ್ ಅನ್ನುವ ಅಮೆರಿಕದ ದಂತವೈದ್ಯ ಹಲ್ಲಿನೊಳಗೆ ಪಾಷಾಣ ಇಡುವ ಕ್ರಮ ಪ್ರಕಟಿಸಿದ. ಪಾಷಾಣ ಅಂದರೆ ಆರ್ಸೆನಿಕ್, ಇಲಿಗೆ ಹಾಕುವ ವಿಷ. ಅರಿವಳಿಕೆ ಇಲ್ಲದ ಆ ಕಾಲದಲ್ಲಿ ನೋವಿನಿಂದ ಒದ್ದಾಡುವವನಿಗೆ ಅದೂ ವರದಾನದ ಹಾಗೆ ಕಂಡಿರಬೇಕು. ನರ ಸಾಯುತ್ತಿತ್ತು, ನಿಜ. ವಿಷ ಅಕ್ಕಪಕ್ಕಕ್ಕೆ ಸೋರಿದರೆ ವಸಡು, ದವಡೆಯ ಮೂಳೆ ಕೂಡ ಸಾಯುತ್ತಿತ್ತು. ಈಗಲೂ ನಮ್ಮ ಜನ ರೂಟ್ ಕೆನಾಲ್‌ಗೆ 'ನರ ಸಾಯ್ಸೋದು' ಅಂತಾರಲ್ಲ, ಆ ಮಾತಿನ ಹಿಂದೆ ಇಂಥ ಒಂದು ಕಾಲ ಇತ್ತು.

ಸತ್ತ ನರವನ್ನು ಹೊರಗೆ ತೆಗೆಯಬೇಕಲ್ಲ? 1838ರಲ್ಲಿ ಮೇನಾರ್ಡ್ ಅನ್ನುವ ಅಮೆರಿಕನ್ ದಂತವೈದ್ಯ ಗಡಿಯಾರದ ಸ್ಪ್ರಿಂಗನ್ನು ಅರದಿಂದ ಉಜ್ಜಿ ಸೂಜಿಯಷ್ಟು ತೆಳ್ಳಗೆ ಮಾಡಿ, ಅದನ್ನು ಬೇರಿನ ನಾಳಕ್ಕೆ ಇಳಿಸಿದ. ಇವತ್ತಿನ ರೂಟ್ ಕೆನಾಲ್ ಉಪಕರಣಗಳ ಮುತ್ತಜ್ಜ ಆ ಗಡಿಯಾರದ ಸ್ಪ್ರಿಂಗು. 1864ರಲ್ಲಿ ನ್ಯೂಯಾರ್ಕಿನ ಬಾರ್ನಮ್, ಎಂಜಲು ಹಲ್ಲಿನೊಳಗೆ ಇಳಿಯದ ಹಾಗೆ ತೆಳು ರಬ್ಬರ್ ಹಾಳೆಗೆ ತೂತು ಮಾಡಿ ಹಲ್ಲಿಗೆ ತೊಡಿಸಿದರು. ಆ ಉಪಾಯವನ್ನು ಒಂದು ಕಾಸೂ ಪಡೆಯದೆ ಇಡೀ ವೃತ್ತಿಗೆ ಬಿಟ್ಟುಕೊಟ್ಟರು. 1867ರಲ್ಲಿ ಬೌಮನ್ ಅನ್ನುವವರು ಖಾಲಿಯಾದ ನಾಳಕ್ಕೆ ಗಟ್ಟಾಪರ್ಚಾ ತುಂಬಿದರು. ಇದು ಮಲಯಾ ಕಡೆಯ ಒಂದು ಮರದ ಹಾಲು, ಗಟ್ಟಿಯಾದ ಅಂಟು. ನಮ್ಮ ಸುದ್ದಿಯವರಿಗೂ ಇದು ನೆಂಟ. ಅಟ್ಲಾಂಟಿಕ್ ಸಾಗರದಡಿ ಎಳೆದ ಮೊದಲ ಟೆಲಿಗ್ರಾಫ್ ತಂತಿಗೆ ನೀರು ತಾಗದ ಹಾಗೆ ಸುತ್ತಿದ್ದು ಇದನ್ನೇ. ತಂತಿ ಕಾಲ ಮುಗಿದು ಹೋಯಿತು, ಟೆಲಿಗ್ರಾಂ ಕೂಡ ನಿಂತು ಹೋಯಿತು. ಹಲ್ಲಿನೊಳಗೆ ಗಟ್ಟಾಪರ್ಚಾ ಮಾತ್ರ ಇವತ್ತಿಗೂ ಕೂತಿದೆ.

1890ರಲ್ಲಿ ನಿಜವಾದ ಶತ್ರುವಿನ ಹೆಸರು ಹೊರಬಿತ್ತು. ಬರ್ಲಿನ್‌ನಲ್ಲಿದ್ದ ಅಮೆರಿಕನ್ ವಿಜ್ಞಾನಿ ವಿಲ್ಲೋಬಿ ಮಿಲ್ಲರ್, ಬಾಯಿಯ ಬ್ಯಾಕ್ಟೀರಿಯಾಗಳು ಸಿಹಿ, ಪಿಷ್ಟಗಳನ್ನು ಹುಳಿಸಿ ಆಮ್ಲ ಮಾಡುತ್ತವೆ, ಆ ಆಮ್ಲವೇ ಹಲ್ಲನ್ನು ಕರಗಿಸುತ್ತೆ ಅಂತ ವಿವರಿಸಿದರು. ಸತ್ತ ತಿರುಳಿನೊಳಗೂ ಬ್ಯಾಕ್ಟೀರಿಯಾ ಇರುವುದನ್ನು ಕೆಲವೇ ವರ್ಷಗಳಲ್ಲಿ ತೋರಿಸಿದರು. ಇಷ್ಟಾದ ಮೇಲೆ ಏನಾಗಬೇಕಿತ್ತು ಹೇಳಿ? ಬ್ಯಾಕ್ಟೀರಿಯಾವನ್ನು ತಡೆಯೋಣ, ಹಲ್ಲನ್ನು ಉಳಿಸೋಣ ಅನ್ನಬೇಕಿತ್ತು. ಆಗಿದ್ದು ಪೂರ್ತಿ ಉಲ್ಟಾ.

1910ರ ಅಕ್ಟೋಬರ್. ಕೆನಡಾದ ಮಾಂಟ್ರಿಯಲ್. ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಭಾಷಣಕ್ಕೆ ನಿಂತರು. ಅಮೆರಿಕನ್ ಶೈಲಿಯ ದಂತವೈದ್ಯರು ಕೊಳೆತ ಬೇರುಗಳ ಮೇಲೆ ಚಿನ್ನದ ಟೋಪಿ ಹಾಕುತ್ತಾರೆ, ಅದು ಕೊಳಕಿನ ಮೇಲೆ ಕಟ್ಟಿದ ಬಂಗಾರದ ಗೋರಿ ಅನ್ನುವ ಅರ್ಥದ ಮಾತಾಡಿದರು. ರಕ್ತಹೀನತೆಯಿಂದ ಹಿಡಿದು ಹೊಟ್ಟೆ, ಕರುಳು, ಮೂತ್ರಪಿಂಡದ ಕಾಯಿಲೆವರೆಗೆ ಇದೇ ಮೂಲ ಅಂದರು.

ನ್ಯಾಯವಾಗಿ ಹೇಳಬೇಕು ಅಂದರೆ ಹಂಟರ್ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಆ ಕಾಲದ ಎಷ್ಟೋ ಚಿನ್ನದ ಸೇತುವೆಗಳು ನಿಜಕ್ಕೂ ಕೀವಿನ ಮೇಲೆ ನಿಂತಿದ್ದವು. ಬಾರ್ನಮ್‌ನ ರಬ್ಬರ್ ಹಾಳೆಯನ್ನು ಬಳಸುವ ತಾಳ್ಮೆ ಬಹಳ ಜನಕ್ಕೆ ಇರಲಿಲ್ಲ. ಎಕ್ಸ್-ರೇ ತೆಗೆದು ನೋಡುವವರು ಬೆರಳೆಣಿಕೆ. ಆದರೆ ನಮ್ಮ ವೃತ್ತಿಯಲ್ಲಿ ಇಪ್ಪತ್ತನಾಲ್ಕು ಗಂಟೆ ಇರುವವನಾಗಿ ಹೇಳ್ತೀನಿ, ಅರ್ಧ ಸತ್ಯಕ್ಕೆ ಒಂದು ಒಳ್ಳೆಯ ಹೆಡ್‌ಲೈನ್ ಸಿಕ್ಕಿಬಿಟ್ಟರೆ ಅದನ್ನು ಹಿಡಿಯೋದಕ್ಕೆ ಯಾರಿಂದಲೂ ಆಗಲ್ಲ. ಬಂಗಾರದ ಗೋರಿ! ಎಂಥ ಹೆಡ್‌ಲೈನು ನೋಡಿ. ಹಂಟರ್ ಸುಧಾರಿಸಿ ಅಂದಿದ್ದು ಕೊಳಕು ಕೆಲಸವನ್ನು. ಜನ ಕೇಳಿಸಿಕೊಂಡಿದ್ದು 'ನರ ಸತ್ತ ಹಲ್ಲು ವಿಷ, ಕೀಳಿ' ಅಂತ.

ಷಿಕಾಗೋದ ಫ್ರಾಂಕ್ ಬಿಲ್ಲಿಂಗ್ಸ್ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು. ದೇಹದ ಒಂದು ಮೂಲೆಯಲ್ಲಿ ಸೋಂಕು ಕೂತಿರುತ್ತೆ, ಅಲ್ಲಿಂದ ಕೀಲು, ಹೃದಯ, ಮೂತ್ರಪಿಂಡಕ್ಕೆ ಹಬ್ಬುತ್ತೆ ಅನ್ನುವ ವಾದ. ಕ್ಲೀವ್‌ಲ್ಯಾಂಡಿನ ದಂತವೈದ್ಯ ವೆಸ್ಟನ್ ಪ್ರೈಸ್, ರೋಗಿಗಳಿಂದ ಕಿತ್ತ ಹಲ್ಲುಗಳನ್ನು ಮೊಲಗಳ ಚರ್ಮದಡಿ ಹೂತಿಟ್ಟು, ನೋಡಿ ಮೊಲಕ್ಕೂ ಕಾಯಿಲೆ ಬಂತು ಅಂತ 1923ರಲ್ಲಿ ದಪ್ಪ ಪುಸ್ತಕವನ್ನೇ ತಂದರು. ಅಷ್ಟು ಬ್ಯಾಕ್ಟೀರಿಯಾ ತುಂಬಿದ ಯಾವ ಚೂರನ್ನು ಇಟ್ಟಿದ್ದರೂ ಮೊಲದ ಗತಿ ಅಷ್ಟೇ ಆಗುತ್ತಿತ್ತು ಅಂತ ಕೇಳುವವರು ಆಗ ಕಡಿಮೆ. ಕೀಲುನೋವಾ, ಹಲ್ಲು ಕೀಳಿ. ತಲೆನೋವಾ, ಹಲ್ಲು ಕೀಳಿ. ಕಾಯಿಲೆಯೇ ಇಲ್ಲವಾ? ಮುಂದೆ ಬರಬಹುದು, ಈಗಲೇ ಕೀಳಿ.

ಇದರ ತುತ್ತತುದಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಟ್ರೆಂಟನ್. ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಗೆ 1907ರಿಂದ ಮುಖ್ಯಸ್ಥರಾಗಿದ್ದವರು ಹೆನ್ರಿ ಕಾಟನ್. ರಾಕ್ಷಸ ಅಂದುಕೊಳ್ಳಬೇಡಿ. ಅಧಿಕಾರ ವಹಿಸಿಕೊಂಡ ಕೂಡಲೇ ರೋಗಿಗಳ ಕೈಕಾಲಿನ ಸರಪಳಿ, ಪಟ್ಟಿಗಳನ್ನು ತೆಗೆಸಿದ ಸುಧಾರಕ. ಜರ್ಮನಿಯಲ್ಲಿ ಓದಿ ಬಂದವರು. ಆದರೆ ಹುಚ್ಚಿಗೆ ಮೂಲ ಅಡಗಿದ ಸೋಂಕು ಅನ್ನುವ ನಂಬಿಕೆ ತಲೆಗೆ ಹೊಕ್ಕಿತು. ಮೊದಲು ಹಲ್ಲುಗಳನ್ನು ಕೀಳಿಸಿದರು. ವಾಸಿಯಾಗಲಿಲ್ಲವಾ? ಟಾನ್ಸಿಲ್ ತೆಗೆಸಿದರು. ಆಗಲೂ ಆಗಲಿಲ್ಲವಾ? ಕರುಳು ಕತ್ತರಿಸಿದರು. ನೂರಕ್ಕೆ 85 ಮಂದಿ ಗುಣವಾಗುತ್ತಿದ್ದಾರೆ ಅಂತ ಘೋಷಿಸಿದರು. ಪತ್ರಿಕೆಗಳು ಹೊಗಳಿದವು. ದೂರದೂರದಿಂದ ಶ್ರೀಮಂತರು ತಮ್ಮ ಮನೆಯವರನ್ನು ಕರೆತಂದರು. ಬೇಡ ಅಂತ ಕೊಸರಾಡಿದ ರೋಗಿಗಳನ್ನು ಹಿಡಿದು ಎಳೆದೊಯ್ದದ್ದೂ ಉಂಟು. ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಮೂವರಲ್ಲಿ ಒಬ್ಬರ ಹತ್ತಿರ ಹತ್ತಿರ ಸಾಯುತ್ತಿದ್ದರು. ಅದು ಕಾಟನ್ ಅವರೇ ಒಪ್ಪಿಕೊಂಡ ಲೆಕ್ಕ.

ಅವರ ಗುರು ಅಡಾಲ್ಫ್ ಮೇಯರ್, ಆಗಿನ ಅಮೆರಿಕದ ಮನೋವೈದ್ಯರಲ್ಲೇ ದೊಡ್ಡ ಹೆಸರು. ಫಿಲಿಸ್ ಗ್ರೀನೇಕರ್ ಅನ್ನುವ ಯುವ ವೈದ್ಯೆಯನ್ನು ತನಿಖೆಗೆ ಕಳಿಸಿದರು. ಆಕೆ ಒಂದೊಂದೇ ರೋಗಿಯನ್ನು ಹುಡುಕಿ, ಮಾತಾಡಿಸಿ, ದಾಖಲೆ ತೆಗೆದು ನೋಡಿದರೆ 85ರ ಲೆಕ್ಕ ಪೂರ್ತಿ ಪೊಳ್ಳು. ಚಿಕಿತ್ಸೆ ಹೆಚ್ಚು ಪಡೆದವರ ಸ್ಥಿತಿಯೇ ಹೆಚ್ಚು ಕೆಟ್ಟಿತ್ತು. ಆ ವರದಿ ಏನಾಯಿತು? ಮೇಯರ್ ಅದನ್ನು ಬೀರುವಿನಲ್ಲಿಟ್ಟು ಸುಮ್ಮನಾದರು. ಶಿಷ್ಯನ ಮರ್ಯಾದೆ, ವೃತ್ತಿಯ ಮರ್ಯಾದೆ. ತನಿಖಾ ವರದಿ ಬೀರು ಸೇರುವುದು ನಮ್ಮ ದೇಶದ ಸ್ಪೆಷಾಲಿಟಿ ಅಂತ ಯಾರಾದರೂ ಅಂದುಕೊಂಡಿದ್ದರೆ, ಅಲ್ಲ. ಕಾಟನ್ ಮಾತ್ರ ಕೊನೆವರೆಗೂ ನಂಬಿಕೆಯಲ್ಲೇ ಇದ್ದರು. ಹೆಂಡತಿಯ ಹಲ್ಲು, ಇಬ್ಬರು ಗಂಡುಮಕ್ಕಳ ಹಲ್ಲು ಕೀಳಿಸಿದರು, ತಮ್ಮದನ್ನೂ ಕೀಳಿಸಿಕೊಂಡರು. ಮೋಸಗಾರನಿಗಿಂತ ಪ್ರಾಮಾಣಿಕ ಅಂಧಭಕ್ತ ಅಪಾಯಕಾರಿ ಅಂತ ನನಗನ್ನಿಸಿದ್ದು ಈ ಮನುಷ್ಯನ ಕಥೆ ಓದಿದಾಗ.

ಎದುರು ನಿಂತವರು ಯಾರೂ ಇರಲಿಲ್ಲವಾ? ಇದ್ದರು. ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಎಡ್ಮಂಡ್ ಕೆಲ್ಸ್. ರಾಂಟ್‌ಗೆನ್ 1895ರಲ್ಲಿ ಎಕ್ಸ್-ರೇ ಕಂಡುಹಿಡಿದ ಮರುವರ್ಷವೇ ಹಲ್ಲಿನ ಎಕ್ಸ್-ರೇ ತೆಗೆದವರು ಇವರು. 1899ರಲ್ಲಿ ಬೇರಿನ ನಾಳದೊಳಗೆ ಸೀಸದ ತಂತಿ ಇಳಿಸಿ, ಅದು ತುದಿ ಮುಟ್ಟಿದೆಯಾ ಅಂತ ಎಕ್ಸ್-ರೇಯಲ್ಲಿ ನೋಡಿದರು. ಅಂದರೆ ಕತ್ತಲಲ್ಲಿ ತಡಕಾಡುತ್ತಿದ್ದ ರೂಟ್ ಕೆನಾಲ್‌ಗೆ ಬೆಳಕು ಹಿಡಿದರು. ಅದೇ ಎಕ್ಸ್-ರೇಯನ್ನು ಮುಂದೆ ಜನ ಹಲ್ಲು ಕೀಳೋದಕ್ಕೆ ನೆಪ ಮಾಡಿಕೊಂಡರು. ಬೇರಿನ ತುದಿಯಲ್ಲಿ ಚೂರು ಕಪ್ಪು ಕಂಡರೆ ಸಾಕು, ಕೀಳಿ. ಕೆಲ್ಸ್‌ಗೆ ಸಿಟ್ಟು ಬಂತು. 1920ರಲ್ಲಿ ಇದನ್ನು ಈ ಯುಗದ ಅಪರಾಧ ಅಂತ ಬಹಿರಂಗವಾಗಿ ಜರಿದರು. ವೈದ್ಯರು ಚೀಟಿ ಬರೆದುಕೊಟ್ಟ ಮಾತ್ರಕ್ಕೆ ಗಟ್ಟಿ ಹಲ್ಲು ಕೀಳಬೇಡಿ, ಆಗಲ್ಲ ಅನ್ನಿ ಅಂತ ದಂತವೈದ್ಯರನ್ನು ಒತ್ತಾಯಿಸಿದರು.

ಅವರು ಹಾಗೆ ಹೇಳುವ ಹೊತ್ತಿಗೆ ಅವರ ಕೈಯೇ ಕೊಳೆಯುತ್ತಿತ್ತು. ಎಕ್ಸ್-ರೇ ಅಪಾಯ ಗೊತ್ತಿಲ್ಲದ ಕಾಲದಲ್ಲಿ ಬರಿಗೈಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಫಲ, ಕ್ಯಾನ್ಸರ್. ಒಂದೊಂದೇ ಬೆರಳು ಹೋಯಿತು, ಕೈ ಹೋಯಿತು, ತೋಳು ಹೋಯಿತು. ಹತ್ತಾರು ಶಸ್ತ್ರಚಿಕಿತ್ಸೆಗಳ ನಂತರ 1928ರಲ್ಲಿ ತಾವಾಗಿಯೇ ಬದುಕು ಮುಗಿಸಿಕೊಂಡರು. ರೂಟ್ ಕೆನಾಲ್ ಮಾಡಿಸುವಾಗ ಬಾಯಲ್ಲಿ ಸಣ್ಣ ಫಿಲ್ಮ್ ಇಟ್ಟು ಎಕ್ಸ್-ರೇ ತೆಗೀತಾರಲ್ಲ, ಅದಕ್ಕೆ ಬೆಲೆ ತೆತ್ತವರಲ್ಲಿ ಈ ಮನುಷ್ಯನೂ ಒಬ್ಬ.

ಕೊನೆಗೆ ಲೆಕ್ಕ ಚುಕ್ತಾ ಮಾಡಿದ್ದು ಅಂಕಿಅಂಶ. ಒಂದು ಕಾಲಕ್ಕೆ ತಾವೇ ಈ ಸಿದ್ಧಾಂತವನ್ನು ನಂಬಿದ್ದ ನ್ಯೂಯಾರ್ಕಿನ ವೈದ್ಯ ರಸೆಲ್ ಸೆಸಿಲ್, 1938ರಲ್ಲಿ ಸಹೋದ್ಯೋಗಿಯ ಜತೆ ಸಂಧಿವಾತದ 200 ರೋಗಿಗಳ ಲೆಕ್ಕ ಮುಂದಿಟ್ಟರು. ಹಲ್ಲು, ಟಾನ್ಸಿಲ್ ತೆಗೆಸಿಕೊಂಡವರಿಗೆ ಹೇಳಿಕೊಳ್ಳುವಂಥ ಲಾಭ ಆಗಿರಲಿಲ್ಲ. ತಾನೇ ನಂಬಿದ್ದನ್ನು ತಾನೇ ಲೆಕ್ಕ ಹಾಕಿ ಬಿಟ್ಟುಕೊಡೋದು ಸಣ್ಣ ಮಾತಲ್ಲ ಸ್ವಾಮಿ. 1943ರಲ್ಲಿ ಹಲ್ಲು ಉಳಿಸುವ ಪಕ್ಷದ ದಂತವೈದ್ಯರು ಷಿಕಾಗೋದಲ್ಲಿ ಸೇರಿ ತಮ್ಮದೇ ಸಂಘ ಕಟ್ಟಿಕೊಂಡರು. 1963ರಲ್ಲಿ ಅಮೆರಿಕದಲ್ಲಿ ಅದು ಪ್ರತ್ಯೇಕ ತಜ್ಞತೆ ಅಂತ ಮಾನ್ಯವಾಯಿತು.

ಹಾಗಾದರೆ ಸುಳ್ಳು ಸತ್ತಿತು ಅಂದುಕೊಂಡಿರಾ? 2018ರಲ್ಲಿ 'ರೂಟ್ ಕಾಸ್' ಅನ್ನುವ ಸಾಕ್ಷ್ಯಚಿತ್ರ ಬಂತು. ರೂಟ್ ಕೆನಾಲ್ ಮಾಡಿಸಿಕೊಂಡರೆ ಕ್ಯಾನ್ಸರ್, ಹೃದ್ರೋಗ ಬರುತ್ತೆ ಅನ್ನುವ ವಾದ. ಬುಡ ಕೆದಕಿದರೆ ಸಿಗೋದು ಅದೇ ವೆಸ್ಟನ್ ಪ್ರೈಸ್, ಅದೇ ನೂರು ವರ್ಷ ಹಳೆಯ ಮೊಲಗಳು. ದಂತವೈದ್ಯರ ಸಂಘಗಳು ಗಟ್ಟಿಯಾಗಿ ವಿರೋಧಿಸಿದ ಮೇಲೆ 2019ರಲ್ಲಿ ನೆಟ್‌ಫ್ಲಿಕ್ಸ್ ಅದನ್ನು ತೆಗೆದುಹಾಕಿತು. ತೆಗೆದರೇನು, ಅದರ ತುಣುಕುಗಳು ಫೋನಿನಿಂದ ಫೋನಿಗೆ ಹಾರುತ್ತಲೇ ಇವೆ. ಹಂಟರ್ ಭಾಷಣ ಹಡಗು ಹತ್ತಿ ದೇಶ ಸುತ್ತಬೇಕಿತ್ತು, ಇದಕ್ಕೆ ಆ ಕಷ್ಟವೂ ಇಲ್ಲ. ಹೃದಯದ ಕವಾಟದ ತೊಂದರೆ ಇರುವವರು ಹಲ್ಲಿನ ಚಿಕಿತ್ಸೆಗೆ ಮೊದಲು ವೈದ್ಯರಿಗೆ ಹೇಳಲೇಬೇಕು, ಕೀವು ತುಂಬಿದ ಹಲ್ಲನ್ನು ಹಾಗೇ ಬಿಟ್ಟರೆ ಸೋಂಕು ಹರಡಬಹುದು. ಇದು ನಿಜ. ಇದರಿಂದ ಸರಿಯಾಗಿ ಚಿಕಿತ್ಸೆ ಪಡೆದ ಹಲ್ಲನ್ನೂ ಕೀಳಬೇಕು ಅಂತ ಹೇಳೋದು ಬೇರೆಯೇ ಮಾತು.

ಇಷ್ಟು ಹೊತ್ತು ಸತ್ತ ತಿರುಳಿನ ಜಗಳ ಆಯಿತು. ಆದರೆ ಫಾಫ್‌ನ ಚಿನ್ನದ ಕೊಡೆ ನೆನಪಿದೆಯಲ್ಲ? ತಿರುಳು ಸಾಯುವ ಮೊದಲೇ ಕಾಪಾಡುವ ಆ ಹಳೆಯ ಉಪಾಯ ಮತ್ತೆ ಎದ್ದು ಬಂದಿದ್ದು ಜರ್ಮನಿಯಲ್ಲಿ, ಅದೂ ಕೆಲ್ಸ್ ಸಿಡಿದೆದ್ದ 1920ರಲ್ಲೇ. ಹರ್ಮನ್ ಅನ್ನುವ ದಂತವೈದ್ಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅನ್ನುವ ಬಿಳಿ ಮುದ್ದೆಯನ್ನು ಹಲ್ಲಿನ ಚಿಕಿತ್ಸೆಗೆ ತಂದರು. ಗಾಬರಿಯಾಗೋ ಹೆಸರು. ಕನ್ನಡದಲ್ಲಿ ಅದರ ಹೆಸರು ಸುಣ್ಣ! ಹೌದು, ನಮ್ಮ ಅಜ್ಜಿಯರ ಎಲೆ ಅಡಿಕೆ ತಟ್ಟೆಯ ಪುಟ್ಟ ಡಬ್ಬಿಯಲ್ಲಿ ಇರುತ್ತಿತ್ತಲ್ಲ, ಅದೇ ಸುಣ್ಣ. ಅದರ ಕ್ಷಾರ ಎಷ್ಟು ತೀಕ್ಷ್ಣ ಅಂದರೆ ಬ್ಯಾಕ್ಟೀರಿಯಾ ಬದುಕೋದಿಲ್ಲ. ತಿರುಳಿನ ಮೇಲ್ಪದರ ಸ್ವಲ್ಪ ಸುಡುತ್ತೆ, ಆ ಸುಟ್ಟ ಗಾಯದ ಕೆಳಗೆ ತಿರುಳು ಎಚ್ಚೆತ್ತು ಹೊಸ ಡೆಂಟಿನ್ ಸೇತುವೆ ಕಟ್ಟಿಕೊಳ್ಳುತ್ತೆ. 1930ರಲ್ಲಿ ಹರ್ಮನ್ ಇದನ್ನೂ ತೋರಿಸಿದರು. ಅಂದಹಾಗೆ, ಇದನ್ನು ಓದಿ ಯಾರೂ ಮನೆಯ ಸುಣ್ಣವನ್ನು ಹಲ್ಲಿಗೆ ತುಂಬಿಕೊಳ್ಳಬೇಡಿ ಮಾರಾಯ್ರೇ, ಬಾಯಿ ಸುಟ್ಟುಹೋಗುತ್ತೆ. ನೋವಿನ ಮಾತ್ರೆಯನ್ನು ಹಲ್ಲಿನ ಪಕ್ಕ ಇಟ್ಟುಕೊಳ್ಳುವ ಅಭ್ಯಾಸವೂ ಅಷ್ಟೇ, ವಸಡು ಬೇಯುತ್ತೆ.

ಸುಣ್ಣವೇ ತಿರುಳನ್ನು ಬದುಕಿಸಿತಾ, ಅಥವಾ ಬ್ಯಾಕ್ಟೀರಿಯಾ ಇಲ್ಲದಿದ್ದರೆ ಅದು ತಾನೇ ಬದುಕುತ್ತಾ? ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಇಲಿಗಳು. 1965. ಅಮೆರಿಕದ ಸರ್ಕಾರಿ ದಂತ ಸಂಶೋಧನಾ ಸಂಸ್ಥೆಯಲ್ಲಿ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜೆರಾಲ್ಡ್ ಅನ್ನುವ ಮೂವರು. ಎರಡು ಗುಂಪಿನ ಇಲಿಗಳು. ಒಂದು ಗುಂಪು ನಮ್ಮ ನಿಮ್ಮ ಹಾಗೆ ಬಾಯಿ ತುಂಬ ಬ್ಯಾಕ್ಟೀರಿಯಾ ಇರುವ ಮಾಮೂಲಿ ಇಲಿಗಳು. ಇನ್ನೊಂದು ಗುಂಪು ಹುಟ್ಟಿನಿಂದಲೇ ಒಂದೂ ರೋಗಾಣು ಸೋಕದ ಹಾಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಬೆಳೆದವು. ಎಲ್ಲವುಗಳ ದವಡೆ ಹಲ್ಲನ್ನು ಕೊರೆದು ತಿರುಳು ತೆರೆದಿಟ್ಟರು. ಮೇಲೆ ಮುಚ್ಚಲಿಲ್ಲ. ತಿಂದ ಆಹಾರ ನೇರವಾಗಿ ತೂತಿನೊಳಗೆ ಹೋಗಿ ಕೂರಬೇಕು, ಹಾಗೆ ಬಿಟ್ಟರು.

ಮಾಮೂಲಿ ಇಲಿಗಳ ತಿರುಳು ಎಂಟು ದಿನ ಕಳೆಯುವಷ್ಟರಲ್ಲಿ ಸತ್ತು ಕೀವಾಗಿತ್ತು. ರೋಗಾಣು ಇಲ್ಲದ ಇಲಿಗಳಲ್ಲಿ? ಊಟ ತುರುಕಿಕೊಂಡು ಕೂತ ತೂತಿನ ಕೆಳಗೆ, ಯಾವ ಔಷಧಿಯೂ ಇಲ್ಲದೆ, ತಿರುಳು ಎರಡನೇ ವಾರದಿಂದ ಡೆಂಟಿನ್ ಸೇತುವೆ ಕಟ್ಟಲು ಶುರುಮಾಡಿತು. ಸುಮಾರು ತಿಂಗಳಾಗುವಷ್ಟರಲ್ಲಿ ಬಾಗಿಲು ತಾನೇ ಮುಚ್ಚಿಕೊಂಡಿತ್ತು. ಇನ್ನೂರು ವರ್ಷ ತಿರುಳನ್ನು ಸುಟ್ಟವರು, ವಿಷ ಹಾಕಿದವರು, ಅದರ ನೆಪದಲ್ಲಿ ಹಲ್ಲು ಕಿತ್ತವರು ಎಲ್ಲರಿಗೂ ಉತ್ತರ ಆ ಇಲಿಯ ಬಾಯಲ್ಲಿತ್ತು. ತಿರುಳು ನಿರಪರಾಧಿ. ಹೊರಗಿನಿಂದ ನುಗ್ಗಿದವರನ್ನು ತಡೆದರೆ ಅದು ತನ್ನ ಪಾಡು ನೋಡಿಕೊಳ್ಳುತ್ತೆ.

ಈ ಮಾತು ಯಾರಿಗೆ ಎಲ್ಲಕ್ಕಿಂತ ಮುಖ್ಯ ಗೊತ್ತಾ? ಎಂಟು ಒಂಬತ್ತು ವರ್ಷದ ಮಕ್ಕಳಿಗೆ. ಆ ವಯಸ್ಸಿನಲ್ಲಿ ಹೊಸದಾಗಿ ಬಂದ ಮುಂದಿನ ಹಲ್ಲಿನ ಬೇರು ಇನ್ನೂ ಪೂರ್ತಿ ಬೆಳೆದಿರೋದಿಲ್ಲ. ಸೈಕಲ್ಲಿಂದ ಬಿದ್ದೋ, ಕ್ರಿಕೆಟ್ ಚೆಂಡು ಬಡಿದೋ ಹಲ್ಲು ಮುರಿದು ಕೆಂಪು ಚುಕ್ಕೆ ಕಂಡರೆ ಅದು ತಿರುಳು. ಅದು ಸತ್ತರೆ ಬೇರು ಅಲ್ಲಿಗೇ ನಿಂತುಹೋಗುತ್ತೆ, ಗೋಡೆ ತೆಳ್ಳಗೇ ಉಳಿದು ಮುಂದೊಂದು ದಿನ ಪುಟಕ್ಕನೆ ಮುರಿಯುತ್ತೆ. ಸ್ಟಾಕ್‌ಹೋಮ್‌ನಲ್ಲಿ ಮಿಯೋಮಿರ್ ಸ್ವೆಕ್ ಅನ್ನುವ ದಂತವೈದ್ಯ ಇಂಥ ಮುರಿದ ಹಲ್ಲುಗಳಲ್ಲಿ ಎರಡು ಮಿಲಿಮೀಟರಿನಷ್ಟು ತಿರುಳನ್ನು ಮಾತ್ರ ನಯವಾಗಿ ತೆಗೆದು, ಸುಣ್ಣದ ಮುದ್ದೆ ಇಟ್ಟು ಮುಚ್ಚಿದರು. 1978ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 60 ಹಲ್ಲುಗಳಿದ್ದವು, ನೂರಕ್ಕೆ 96ರಷ್ಟು ಉಳಿದುಕೊಂಡವು. ಕಾಟನ್ ಹೇಳಿದ 85ಕ್ಕೂ ಇದಕ್ಕೂ ವ್ಯತ್ಯಾಸ ಏನು ಅಂದರೆ, ಇದನ್ನು ಬೇರೆಯವರು ಬೇರೆ ಊರುಗಳಲ್ಲಿ ಮಾಡಿ ನೋಡಿದಾಗಲೂ ಬಹುಪಾಲು ಹಲ್ಲು ಬದುಕಿದವು.

ಸುಣ್ಣಕ್ಕೂ ಒಂದು ದೋಷ ಇತ್ತು. ಕಾಲ ಕಳೆದಂತೆ ಕರಗುತ್ತೆ, ಅದರಡಿ ಕಟ್ಟಿದ ಸೇತುವೆಯಲ್ಲೂ ಸಣ್ಣ ಸುರಂಗಗಳು ಉಳಿಯುತ್ತವೆ. 1993ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಇರಾನ್ ಮೂಲದ ಮಹಮೂದ್ ತೊರಾಬಿನೆಜಾದ್ ಮತ್ತು ಸಂಗಡಿಗರು ಎಂಟಿಎ ಅನ್ನುವ ಪುಡಿ ತಂದರು. ಅದರ ಮುಖ್ಯ ವಸ್ತು ಪೋರ್ಟ್‌ಲ್ಯಾಂಡ್ ಸಿಮೆಂಟ್. ಇಂಗ್ಲೆಂಡಿನ ಲೀಡ್ಸ್‌ನ ಗಾರೆ ಕೆಲಸದ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೇಟೆಂಟ್ ಪಡೆದ, ನಮ್ಮ ಮನೆ, ಸೇತುವೆ, ಅಣೆಕಟ್ಟು ಕಟ್ಟುವ ಅದೇ ಜಾತಿಯ ಸಿಮೆಂಟು. ಅದನ್ನು ಶುದ್ಧ ಮಾಡಿ, ಎಕ್ಸ್-ರೇಯಲ್ಲಿ ಕಾಣಲಿ ಅಂತ ಬಿಸ್ಮತ್ ಆಕ್ಸೈಡ್ ಬೆರೆಸಿರುತ್ತಾರೆ. ಇದರ ಸೊಗಸು ಏನಪ್ಪಾ ಅಂದರೆ ಒದ್ದೆ ಜಾಗದಲ್ಲೇ ಇದು ಗಟ್ಟಿಯಾಗೋದು, ಗಟ್ಟಿಯಾಗುವಾಗ ಒಳಗಿಂದ ಅದೇ ಸುಣ್ಣವನ್ನು ಬಿಡುಗಡೆ ಮಾಡುತ್ತೆ. ನಮ್ಮ ಜನ ಹಲ್ಲಿಗೆ ಏನೇ ತುಂಬಿಸಿದರೂ 'ಸಿಮೆಂಟ್ ಹಾಕಿಸಿಕೊಂಡೆ' ಅಂತಾರೆ. ಈ ಒಂದು ವಿಷಯದಲ್ಲಿ ಅಕ್ಷರಶಃ ನಿಜ.

ಆದರೆ ಈ ಪುಡಿ ದುಬಾರಿ. ಉಳಿಸೋದಕ್ಕೆ ಸಾವಿರಗಟ್ಟಲೆ, ಕೀಳೋದಕ್ಕೆ ಅದರ ಒಂದು ಚೂರು ದುಡ್ಡು. ದಿನಗೂಲಿ ಬಿಟ್ಟು ಬಂದ ಮನುಷ್ಯ ಯಾವುದನ್ನು ಆರಿಸಿಕೊಳ್ಳುತ್ತಾನೆ? ಹಾಗಾಗಿ 'ಕಿತ್ತು ಬಿಸಾಕಿ' ಅನ್ನುವವನನ್ನು ದಡ್ಡ ಅನ್ನೋದಕ್ಕೆ ನನಗೆ ಮನಸ್ಸು ಬರೋದಿಲ್ಲ. ಹಂಟರ್ ಕಾಲದಲ್ಲಿ ಭಯ ಹಲ್ಲು ಕೀಳಿಸಿತು, ಈಗ ಬಿಲ್ಲು ಕೀಳಿಸುತ್ತಿದೆ. ಸರ್ಕಾರಿ ದಂತ ಆಸ್ಪತ್ರೆಗಳಲ್ಲಿ, ದಂತವೈದ್ಯ ಕಾಲೇಜುಗಳಲ್ಲಿ ಖರ್ಚು ಕಡಿಮೆ. ಅಲ್ಲಿ ಒಮ್ಮೆ ಕೇಳಿ ನೋಡಿ. 'ಡಾಕ್ಟ್ರೇ, ತಿರುಳು ಇನ್ನೂ ಬದುಕಿದೆಯಾ?' ಅಂತ ಕೇಳುವ ಹಕ್ಕು ನಿಮಗಿದೆ.

ಅವರು ಅದನ್ನು ಹೇಗೆ ತಿಳಿಯುತ್ತಾರೆ ಅನ್ನೋದು ಸ್ವಾರಸ್ಯ. ತಣ್ಣಗಿನದು ತಾಗಿಸಿ ನೋಡುತ್ತಾರೆ, ಬಡಿದು ನೋಡುತ್ತಾರೆ, ಎಕ್ಸ್-ರೇ ನೋಡುತ್ತಾರೆ. ಇಷ್ಟಾದರೂ ಕೊನೆಯ ಮಾತು ಹಲ್ಲು ತೆರೆದ ಮೇಲೆಯೇ. ಕೆಟ್ಟ ಭಾಗ ತೆಗೆದು, ಬ್ಲೀಚಿನ ಜಾತಿಯ ದ್ರಾವಣದಲ್ಲಿ ಅದ್ದಿದ ಪುಟ್ಟ ಹತ್ತಿಯ ಉಂಡೆಯನ್ನು ತಿರುಳಿನ ಮೇಲೆ ಒತ್ತಿಟ್ಟು ಕೆಲವು ನಿಮಿಷ ಸುಮ್ಮನೆ ಕಾಯುತ್ತಾರೆ. ಹತ್ತಿ ಎತ್ತಿದಾಗ ರಕ್ತ ನಿಂತಿದ್ದರೆ ಉಳಿದ ತಿರುಳು ಆರೋಗ್ಯವಾಗಿದೆ ಅಂತ ಲೆಕ್ಕ, ಮೇಲೆ ಸಿಮೆಂಟ್ ಇಟ್ಟು ಮುಚ್ಚುತ್ತಾರೆ. ಒಸರುತ್ತಲೇ ಇದ್ದರೆ ಇನ್ನೊಂದಿಷ್ಟು ಆಳಕ್ಕೆ ತೆಗೆದು, ಮತ್ತೆ ಹತ್ತಿ ಒತ್ತಿ, ಮತ್ತೆ ಕಾಯುತ್ತಾರೆ. ಆಗಲೂ ನಿಲ್ಲದಿದ್ದರೆ ಮಾತ್ರ ಗಡಿಯಾರದ ಸ್ಪ್ರಿಂಗಿನ ಮೊಮ್ಮಕ್ಕಳನ್ನು ಕೈಗೆತ್ತಿಕೊಳ್ಳುತ್ತಾರೆ.